ಶಿಕ್ಷಣ ನೀತಿ ಓದುವ ಆಸೆಯೇ? ಅರ್ಜಿಗೆ ಮುಂಚೆ ಪ್ರಶ್ನೆ ಹುಡುಕಿ

ಎಂ.ಎ. ಎಜುಕೇಷನ್ ಮಾಡ್ತೀನಿ ಎಂದರೆ ಮನೆಯಲ್ಲಿ ಬರುವ ಮೊದಲ ಪ್ರಶ್ನೆ: ‘ಮುಗಿದ ಮೇಲೆ ಮೇಷ್ಟ್ರ ಕೆಲಸ ಸಿಗುತ್ತಾ?’ ಇದೊಂದರಿಂದಲೇ ಸಿಗುವುದಿಲ್ಲ. ಪ್ರೌಢಶಾಲೆಯಲ್ಲಿ ಪಾಠ ಮಾಡಲು ಬಿ.ಇಡಿ. ಬೇಕೇ ಬೇಕು. ಶಾಲೆಗಳು ಹೀಗೇಕೆ ನಡೆಯುತ್ತಿವೆ, ಅದನ್ನು ತೀರ್ಮಾನಿಸುವವರು ಯಾರು ಎಂದು ತಲೆಕೆಡಿಸಿಕೊಂಡವರಿಗೆ ಈ ಪದವಿ. ಶಿಕ್ಷಣದ ತತ್ವಶಾಸ್ತ್ರ, ಸಮಾಜಶಾಸ್ತ್ರ, ಇತಿಹಾಸ ಮತ್ತು ನೀತಿ ಇದರ ತಳಪಾಯ.

ಮೊದಲು, ನಿಮ್ಮ ಪ್ರಶ್ನೆ

‘ಶಿಕ್ಷಣ ವ್ಯವಸ್ಥೆ ಸುಧಾರಿಸಬೇಕು’ ಎನ್ನುವುದು ಪ್ರಶ್ನೆಯಲ್ಲ. ಒಂದು ಆದೇಶ ಹಿಡಿದು ನೋಡಿ. ಶಿಕ್ಷಣ ಹಕ್ಕು ಕಾಯ್ದೆಯ 12(1)(ಸಿ) ಪ್ರಕಾರ ಖಾಸಗಿ ಶಾಲೆಗಳು ಶೇ 25ರಷ್ಟು ಸೀಟನ್ನು ಬಡ ಹಾಗೂ ಹಿಂದುಳಿದ ಕುಟುಂಬಗಳ ಮಕ್ಕಳಿಗೆ ಕೊಡಬೇಕು. 2019ರ ಹೊತ್ತಿಗೆ ಕರ್ನಾಟಕ ನಿಯಮ ಬದಲಿಸಿತು: ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಅನುದಾನರಹಿತ ಶಾಲೆಯಲ್ಲಿ ಆ ಸೀಟಿಲ್ಲ. ಸರ್ಕಾರಿ ಶಾಲೆ ಉಳಿಯಬೇಕು ಎಂಬುದು ಒಂದು ವಾದ. ದುಡ್ಡಿದ್ದವರಿಗೆ ಇರುವ ಆಯ್ಕೆ ಬಡವರಿಗೇಕಿಲ್ಲ ಎಂಬುದು ಇನ್ನೊಂದು. ಎರಡರಲ್ಲೂ ಹುರುಳಿದೆ. ಎರಡೂ ಕಡೆಯವರನ್ನು ಮಾತಾಡಿಸಿ, ಅಂಕಿಅಂಶ ತೆಗೆದು ನೋಡುವ ಉತ್ಸಾಹ ನಿಮಗಿದ್ದರೆ ಈ ಓದು ಒಗ್ಗುತ್ತದೆ.

ಯಾವ ಕೋರ್ಸು?

ಎಂ.ಎ. ಎಜುಕೇಷನ್‌ಗೂ ಎಂ.ಇಡಿ.ಗೂ ಗೊಂದಲ ಬೇಡ. ಎಂ.ಇಡಿ. ಶಿಕ್ಷಕರಿಗೆ ತರಬೇತಿ ಕೊಡುವವರ ಪದವಿ. ಅದಕ್ಕೆ ಬಿ.ಇಡಿ.ಯಂಥ ಶಿಕ್ಷಕ ತರಬೇತಿ ಮೊದಲೇ ಆಗಿರಬೇಕು. ಅವಧಿ ಎರಡು ವರ್ಷ. ಮೈಸೂರಿನಲ್ಲಿರುವ ಎನ್‌ಸಿಇಆರ್‌ಟಿಯ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಈ ದಾರಿಯಲ್ಲಿ ಹಳೆಯ ಹೆಸರು. ಎಂ.ಎ.ಗೆ ಸಾಮಾನ್ಯವಾಗಿ ಯಾವುದೇ ಪದವಿ ನಡೆಯುತ್ತದೆ. ಎಂಜಿನಿಯರಿಂಗ್ ಮುಗಿಸಿ ಬರುವವರೂ ಉಂಟು. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷದ ಪೂರ್ಣಾವಧಿ ಕೋರ್ಸಿದೆ. ಪ್ರವೇಶ ಪರೀಕ್ಷೆ, ಆಮೇಲೆ ಸಂದರ್ಶನ. ಕೆಲಸ ಬಿಡಲಾಗದವರಿಗೆ ಇಗ್ನೋ ದೂರಶಿಕ್ಷಣವಿದೆ. ಸರ್ಕಾರಿ ಶಿಕ್ಷಕರು ಸೇರುವ ಮುನ್ನವೇ ಇಲಾಖೆಯಿಂದ ಲಿಖಿತ ಅನುಮತಿ ಪಡೆದುಕೊಳ್ಳಿ. ಬಾಯಿಮಾತಿನ ಒಪ್ಪಿಗೆ ನಂಬಿ ಕೂತರೆ ಮುಂದೆ ಸೇವಾ ಪುಸ್ತಕದಲ್ಲಿ ಪದವಿ ನಮೂದಿಸುವಾಗ ತಕರಾರು ಏಳುತ್ತದೆ.

ಉದ್ದೇಶ ಪತ್ರ ಬರೆಯುವುದು

ಈ ಓದು ನಿಮಗೇಕೆ ಬೇಕು ಎಂದು ಅರ್ಜಿಯ ಜೊತೆ ಬರೆದುಕೊಡುವ ಪತ್ರ ಇದು. ಹೆಚ್ಚಿನವರು ಎಡವುವುದೇ ಇಲ್ಲಿ. ‘ಬಾಲ್ಯದಿಂದಲೂ ನನಗೆ ಶಿಕ್ಷಣದ ಬಗ್ಗೆ ಒಲವು’ ಎಂಬ ಸಾಲಿದ್ದರೆ ಮುಲಾಜಿಲ್ಲದೆ ಹೊಡೆದುಹಾಕಿ. ನೀವು ಕಂಡದ್ದನ್ನು ಬರೆಯಿರಿ. ಉದಾಹರಣೆಗೆ: ‘ನಮ್ಮೂರ ಶಾಲೆಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ನಲಿ-ಕಲಿ ಕೋಣೆಯಲ್ಲಿ ಒಟ್ಟಿಗೆ ಕೂರುತ್ತಾರೆ. ಕಲಿಕಾ ಏಣಿ, ಕಾರ್ಡು, ಗುಂಪು ಗುರುತಿಸುವ ತಟ್ಟೆ ಎಂದು ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಾರೆ. ನಾಲ್ಕನೇ ತರಗತಿಗೆ ಬಂದ ಕೂಡಲೇ ಎಲ್ಲರಿಗೂ ಒಂದೇ ಪುಟ. ಆಗ ಹಿಂದೆ ಬೀಳುವವರು ಯಾರು?’ ಸಂದರ್ಶಕರು ಇದನ್ನು ಓದಿದರೆ ನಿಮ್ಮನ್ನು ಕೂರಿಸಿಕೊಂಡು ಮಾತಾಡಲು ಅವರಿಗೇ ವಿಷಯ ಸಿಗುತ್ತದೆ. ನಲಿ-ಕಲಿ ಎಚ್.ಡಿ. ಕೋಟೆಯಲ್ಲಿ ಹೇಗೆ ಶುರುವಾಯಿತು, ರಾಜ್ಯದ ತುಂಬ ಹೇಗೆ ಹರಡಿತು ಎಂಬುದನ್ನೂ ಆಗ ಕೇಳಬಹುದು. ಓದಿಕೊಂಡು ಹೋಗಿ.

ಪರೀಕ್ಷೆಗೆ ಗೈಡು ಹುಡುಕುವ ಬದಲು ಮೂಲ ದಾಖಲೆಗಳನ್ನೇ ಓದಿ: ಕೊಠಾರಿ ಆಯೋಗದ ವರದಿ (1964–66), 1986ರ ನೀತಿ, 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು, 2009ರ ಶಿಕ್ಷಣ ಹಕ್ಕು ಕಾಯ್ದೆ, 2020ರ ರಾಷ್ಟ್ರೀಯ ಶಿಕ್ಷಣ ನೀತಿ. ಎಲ್ಲವನ್ನೂ ಅರೆದು ಕುಡಿಯಬೇಕಿಲ್ಲ. ಭಾಷಾ ಮಾಧ್ಯಮದಂಥ ಒಂದೇ ವಿಷಯ ಹಿಡಿದು, ಯಾವ ದಾಖಲೆ ಏನು ಹೇಳಿದೆ ಎಂದು ಪಕ್ಕಪಕ್ಕ ಬರೆದುಕೊಳ್ಳಿ. ಕನ್ನಡ ಮಾಧ್ಯಮದಲ್ಲಿ ಓದಿದವರು ಇದನ್ನು ಇಂಗ್ಲಿಷಿನಲ್ಲಿ ಮಾಡಿ, ದಿನಕ್ಕೆ ಅರ್ಧ ಪುಟ ಸಾಕು. ತರಗತಿಯಲ್ಲಿ ಕೊಡುವ ಓದು ಬಹುಪಾಲು ಇಂಗ್ಲಿಷಿನದೇ, ಅದೂ ಗಟ್ಟಿ ಇಂಗ್ಲಿಷು.

ಖರ್ಚು, ಕೆಲಸ

ಖಾಸಗಿ ವಿಶ್ವವಿದ್ಯಾಲಯದ ಶುಲ್ಕ ನೋಡಿ ಹೆದರಿ ಅರ್ಜಿಯನ್ನೇ ಹಾಕದವರಿದ್ದಾರೆ. ಅಜೀಂ ಪ್ರೇಮ್‌ಜಿಯಲ್ಲಿ ಕುಟುಂಬದ ಆರ್ಥಿಕ ಸ್ಥಿತಿ ನೋಡಿ ನೆರವು ಕೊಡುತ್ತಾರೆ. ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಮೊದಲೇ ಮಾಡಿಸಿಟ್ಟುಕೊಳ್ಳಿ.

ಮುಗಿಸಿದವರು ಹೆಚ್ಚಾಗಿ ಹೋಗುವುದು ಸರ್ಕಾರಿ ಶಾಲೆಗಳ ಜೊತೆ ದುಡಿಯುವ ಸ್ವಯಂಸೇವಾ ಸಂಸ್ಥೆಗಳಿಗೆ, ಪಠ್ಯ ರಚನೆಗೆ, ಸಂಶೋಧನೆಗೆ. ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ), ಬಿಇಒಗಳ (ಕ್ಷೇತ್ರ ಶಿಕ್ಷಣಾಧಿಕಾರಿ) ಜೊತೆ ಕೂತು ಊರೂರು ತಿರುಗುವ ಕೆಲಸವೇ ಜಾಸ್ತಿ. ಆರಂಭದ ಸಂಬಳವನ್ನು ಐಟಿಯವರ ಸಂಬಳದ ಜೊತೆ ಹೋಲಿಸಿ ಕೂರಬೇಡಿ. ಪಿಎಚ್.ಡಿ. ಮನಸ್ಸಿದ್ದರೆ ಯುಜಿಸಿ-ನೆಟ್ ಅರ್ಹತಾ ಪರೀಕ್ಷೆಯಲ್ಲಿ ‘ಎಜುಕೇಷನ್’ ಪ್ರತ್ಯೇಕ ವಿಷಯವಾಗಿಯೇ ಇದೆ. ಸಾಮಾನ್ಯ ವರ್ಗದವರಿಗೆ ಎಂ.ಎ.ಯಲ್ಲಿ ಶೇ 55, ಮೀಸಲಾತಿ ವರ್ಗದವರಿಗೆ ಶೇ 50 ಅಂಕ ಬೇಕು. ಹಾಗಾಗಿ ಮೊದಲ ಸೆಮಿಸ್ಟರಿನಿಂದಲೇ ಅಂಕಗಳ ಮೇಲೆ ಒಂದು ಕಣ್ಣಿರಲಿ.