ಕರಡಿಯ ಹಿಕ್ಕೆ ತೊಳೆದು ಓದುವುದು: ರಾಯದುರ್ಗದ ಗುಡ್ಡಗಳಲ್ಲಿ ನಾನು ಮಾಡುವ ರೀತಿ

ರಾಯದುರ್ಗ, ಮೊಳಕಾಲ್ಮೂರು ಕಡೆಯ ಬಂಡೆಗುಡ್ಡಗಳಲ್ಲಿ ಕರಡಿ ಕಣ್ಣಿಗೆ ಬೀಳುವುದು ಕಡಿಮೆ, ಅದರ ಹಿಕ್ಕೆ ಸಿಗುವುದು ಜಾಸ್ತಿ. ಅದು ಏನು ತಿನ್ನುತ್ತಿದೆ, ಯಾವಾಗ ಶೇಂಗಾ ಹೊಲಕ್ಕೆ ಇಳಿಯುತ್ತದೆ, ಹೊಟ್ಟೆಯಲ್ಲಿ ಹುಳ ಇದೆಯೇ ಎಂಬುದನ್ನು ನಾನು ಹಿಕ್ಕೆಯಿಂದಲೇ ನೋಡುವುದು. ಆದರೆ ತಿಂದದ್ದೆಲ್ಲ ಹಿಕ್ಕೆಯಲ್ಲಿ ಉಳಿಯುವುದಿಲ್ಲ. ಉಳಿಯದ್ದನ್ನು ಲೆಕ್ಕಕ್ಕೆ ಹಿಡಿಯಲು ಬಾರದಿದ್ದರೆ ತೊಳೆದದ್ದು ದಂಡ.

ಕರಡಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅತಿ ಹೆಚ್ಚು ರಕ್ಷಣೆ ಕೊಡುವ ಮೊದಲ ಅನುಸೂಚಿಯಲ್ಲಿದೆ. ಆದ್ದರಿಂದ ಮೀಸಲು ಅರಣ್ಯದಲ್ಲಿ ಹಿಕ್ಕೆ ಎತ್ತುವುದಕ್ಕೂ ಅರಣ್ಯ ಇಲಾಖೆಯ ಲಿಖಿತ ಅನುಮತಿ ಮೊದಲೇ ಕೈಯಲ್ಲಿರಬೇಕು.

ಗುಡ್ಡಕ್ಕೆ ಹೋಗುವುದು ಬಿಸಿಲೇರಿದ ಮೇಲೆ, ಇಬ್ಬರಾಗಿ, ಜೋರಾಗಿ ಮಾತಾಡುತ್ತಾ. ಗೆದ್ದಲು ಹೀರುವಾಗ ಕರಡಿ ಮಾಡುವ ಸದ್ದು ನೂರು ಮೀಟರಿನಾಚೆಗೂ ಕೇಳುತ್ತದೆ, ಆ ಸದ್ದಿನಲ್ಲಿ ನಮ್ಮ ಹೆಜ್ಜೆ ಅದಕ್ಕೆ ಕೇಳಿಸುವುದಿಲ್ಲ. ಸುಮ್ಮನೆ ನಡೆದು ಹತ್ತಿರ ಹೋದರೆ ಗಾಬರಿಗೆ ಮೈಮೇಲೆ ಬರುತ್ತದೆ. ಗವಿಯ ಬಾಯಿಗೆ ಯಾವ ಕಾಲದಲ್ಲೂ ಹೋಗುವುದಿಲ್ಲ. ಡಿಸೆಂಬರ್, ಜನವರಿ ಸುಮಾರಿಗೆ ಮರಿ ಹಾಕಿದ ತಾಯಿ ಒಳಗಿರುತ್ತದೆ, ಆಗ ಗವಿ ಇರುವ ಬಂಡೆಸಾಲನ್ನೇ ಬಿಟ್ಟು ಸುತ್ತು ಹಾಕುವುದು ವಾಸಿ.

ಸಿಕ್ಕಿದ್ದು ಕರಡಿಯದೇ ಎಂದು ಮೊದಲು ಖಾತ್ರಿಯಾಗಬೇಕು. ಹಣ್ಣಿನ ಕಾಲದಲ್ಲಿ ಅದು ಬೀಜ ತುಂಬಿದ ದೊಡ್ಡ ಮೆತ್ತನೆಯ ಗುಪ್ಪೆ. ಗೆದ್ದಲು ತಿಂದಾಗ ಕಪ್ಪಗೆ, ಮಣ್ಣು ಸೇರಿ ಭಾರವಾಗಿ, ಮುಟ್ಟಿದರೆ ಪುಡಿಯಾಗುತ್ತದೆ. ಚಿರತೆಯದು ಕೂದಲು ಹೆಣೆದ ತುಂಡು. ಪುನುಗು ಬೆಕ್ಕಿನದರಲ್ಲೂ ಬೀಜ ಇರುತ್ತದೆ, ಆದರೆ ಹಿಕ್ಕೆ ಸಣ್ಣದು. ಅನುಮಾನ ಬಂದರೆ ಸುತ್ತ ಹುತ್ತ ನೋಡಿ. ಕರಡಿ ಕೆದಕಿದ ಹುತ್ತದಲ್ಲಿ ಆಳವಾದ ಗುಂಡಿ, ಗೋಡೆಯಲ್ಲಿ ಉದ್ದ ಉಗುರಿನ ಗೀರು ಇರುತ್ತದೆ. ಹಂದಿ ಮೇಲುಮೇಲೆ ನೆಲ ಉತ್ತು ಹೋಗಿರುತ್ತದೆ. ಮುಂಗಾಲಿನ ಹೆಜ್ಜೆಯಲ್ಲಿ ಐದು ಬೆರಳೂ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿದ್ದು, ಉಗುರಿನ ತೂತು ಬೆರಳಿಂದ ದೂರ ಬಿದ್ದಿದ್ದರೆ ಮತ್ತೆ ಕೇಳಬೇಕಿಲ್ಲ.

ಕೈಗವಸು, ಮಾಸ್ಕ್ ಹಾಕಿಯೇ ಎತ್ತಬೇಕು. ಒಣಗಿದ ಹಿಕ್ಕೆ ಮುರಿದಾಗ ಏಳುವ ಧೂಳಿನಲ್ಲಿ ಹುಳದ ಮೊಟ್ಟೆ ಇರಬಹುದು. ಗುಪ್ಪೆಯನ್ನು ಪೂರ್ತಿ ಕಾಗದದ ಚೀಲಕ್ಕೆ ಹಾಕಿ, ಜಾಗ, ದಿನಾಂಕ, ಹಸಿಯೋ ಒಣಗಿದ್ದೋ ಎಂದು ಚೀಲದ ಮೇಲೇ ಬರೆಯುತ್ತೇನೆ. ಒಂದೇ ಕಡೆ ನಾಲ್ಕೈದು ಗುಪ್ಪೆ ಇದ್ದರೆ ಅದು ಒಂದೇ ಕರಡಿಯದಿರಬಹುದು, ಹಾಗಾಗಿ ಒಂದು ಮಾದರಿ ಎಂದೇ ಲೆಕ್ಕ. ಮಳೆಗಾಲದಲ್ಲಿ ಸಗಣಿ ಹುಳುಗಳು ಬೇಗ ಉರುಳಿಸಿ ಮುಗಿಸುತ್ತವೆ. ಮಳೆಗಾಲದಲ್ಲಿ ಹಿಕ್ಕೆ ಕಡಿಮೆ ಸಿಕ್ಕಿತೆಂದರೆ ಕರಡಿ ಕಡಿಮೆಯಾಯಿತು ಎಂದಲ್ಲ.

ತೊಳೆಯುವ ಕೆಲಸದಲ್ಲಿ ಅವಸರ ಕೂಡದು. ಒಂದು ರಾತ್ರಿ ನೀರಲ್ಲಿ ನೆನೆಸಿ, ಮೇಲೆ ದೊಡ್ಡ ಕಣ್ಣಿನ ಜರಡಿ, ಅದರ ಕೆಳಗೆ ರವೆ ಜರಡಿ, ಎಲ್ಲಕ್ಕಿಂತ ಕೆಳಗೆ ಅರ್ಧ ಮಿಲಿಮೀಟರ್ ಕಣ್ಣಿನ ಜರಡಿ ಇಟ್ಟು ಸಣ್ಣ ಧಾರೆಯಲ್ಲಿ ನೀರು ಬಿಡುತ್ತೇನೆ. ಆ ಕೊನೆಯ ಜರಡಿ ಬಿಟ್ಟವರ ಲೆಕ್ಕ ಪ್ರತಿ ಸಲವೂ ಹಣ್ಣಿನ ಕಡೆಗೇ ವಾಲುತ್ತದೆ. ಸಣ್ಣ ಜಾತಿಯ ಗೆದ್ದಲುಗಳ ತಲೆಚಿಪ್ಪು ರವೆ ಜರಡಿಯಲ್ಲಿ ಜಾರಿಹೋಗುತ್ತದೆ. ಗೆದ್ದಲಿನ ಮೆತ್ತನೆಯ ಮೈ ಹೊಟ್ಟೆಯಲ್ಲೇ ಕರಗಿ, ಉಳಿಯುವುದು ತಲೆಚಿಪ್ಪು ಮಾತ್ರ. ಅದೂ ಹೋದರೆ ಕರಡಿ ಗೆದ್ದಲೇ ತಿಂದಿಲ್ಲ ಎಂದಾಗುತ್ತದೆ! ಕೆಳಗೆ ಉಳಿದದ್ದನ್ನು ಬಟ್ಟಲಿಗೆ ಹಾಕಿ, ಅಕ್ಕಿಯಿಂದ ಕಲ್ಲು ಗಾಳಿಸುವ ಹಾಗೆ ಆಡಿಸಿದರೆ ಮರಳು ತಳಕ್ಕೆ ಕೂತು ಚಿಪ್ಪು ಮೇಲೆ ಬರುತ್ತದೆ. ಮರಳು ಎಷ್ಟೇ ಇರಲಿ, ಅದು ಗೆದ್ದಲಿನ ಜೊತೆ ಹೋದ ಹುತ್ತದ ಮಣ್ಣು, ಆಹಾರವೆಂದು ತೂಗಬಾರದು.

ನೆರಳಲ್ಲಿ ಕಾಗದದ ಮೇಲೆ ಒಣಗಿಸಿ ಬೀಜ ಬೇರ್ಪಡಿಸಬೇಕು. ಸೀತಾಫಲದ್ದು ಹೊಳೆಯುವ ಕಪ್ಪು ಬೀಜ. ಬಾರೆಯದು ಗಟ್ಟಿ ಒರಟು ಗುಂಡು, ಈಚಲಿನದು ಉದ್ದಕ್ಕೆ ಒಂದು ಸೀಳು ಗೀರಿದ್ದು, ಕಕ್ಕೆಯದು ಚಪ್ಪಟೆ ಕಂದು ಬಿಲ್ಲೆ. ಅತ್ತಿ, ಆಲದ ಬೀಜ ಗಸಗಸೆಯಷ್ಟೇ, ನೋಡಲು ಭೂತಗನ್ನಡಿ ಬೇಕು. ಬಲೆಗೆರೆಯ ಸಿಪ್ಪೆ ಚೂರು ಸಿಕ್ಕರೆ ಶೇಂಗಾ ಹೊಲಕ್ಕೆ ಇಳಿದಿದೆ ಎಂದರ್ಥ. ತೆಂಗಿನ ನಾರು, ಪ್ಲಾಸ್ಟಿಕ್ ಸಿಕ್ಕರೆ ಗುಡ್ಡದ ಗುಡಿಯ ಹಿಂದಿನ ಕಸದ ಗುಂಡಿ ನೋಡಿ ಬನ್ನಿ. ಉದ್ದನೆಯ ಒರಟು ಕಪ್ಪು ಕೂದಲು ಕಂಡು ಯಾವುದೋ ಪ್ರಾಣಿಯನ್ನು ತಿಂದಿದೆ ಎಂದು ಬರೆಯಬೇಡಿ, ಅದು ಮೈ ನೆಕ್ಕುವಾಗ ಒಳಗೆ ಹೋದ ಕರಡಿಯದೇ ಕೂದಲು.

ಬರೆಯುವಾಗ ಎರಡು ಲೆಕ್ಕ ಇಡುತ್ತೇನೆ: ಎಷ್ಟು ಮಾದರಿಗಳಲ್ಲಿ ಆ ಆಹಾರ ಇತ್ತು, ಪ್ರತಿ ಮಾದರಿಯಲ್ಲಿ ಅದರ ಪಾಲೆಷ್ಟು. ಪಾಲು ಮಾತ್ರ ನೋಡಿದರೆ ದಪ್ಪ ಬೀಜದ ಹಣ್ಣು ಗೆಲ್ಲುತ್ತದೆ, ಗೆದ್ದಲು ಸೋಲುತ್ತದೆ. ಜೇನಿನ ಗತಿ ಇನ್ನೂ ಕಷ್ಟ. ಮೇಣದ ಚೂರು, ಜೇನುಹುಳದ ರೆಕ್ಕೆ ಸಿಕ್ಕರೆ ಸಿಕ್ಕಿತು.

ಹುಳದ ಮೊಟ್ಟೆ ನೋಡಲು ಅದೇ ದಿನದ ಹಸಿ ಹಿಕ್ಕೆಯೇ ಬೇಕು, ಅದೂ ನೆಲಕ್ಕೆ ತಾಗದ ಒಳಭಾಗ. ಹಳೆಯದರಲ್ಲಿ ಮಣ್ಣಿನ ಹುಳುಗಳು ಸೇರಿರುತ್ತವೆ, ಅವುಗಳ ಮರಿಗಳನ್ನು ಕರಡಿಯ ಹುಳವೆಂದು ಎಣಿಸುವುದು ಸುಲಭ. ಲೀಟರ್ ನೀರಿಗೆ ಸುಮಾರು 400 ಗ್ರಾಂ ಉಪ್ಪು ಹಾಕಿ ಕುದಿಸಿ ಆರಿಸಿದರೆ ಸ್ವಲ್ಪ ಉಪ್ಪು ತಳದಲ್ಲಿ ಉಳಿಯಬೇಕು. ಉಳಿಯದಿದ್ದರೆ ದ್ರಾವಣ ತೆಳು, ಮೊಟ್ಟೆ ತೇಲುವುದಿಲ್ಲ. ಎರಡು ಮೂರು ಗ್ರಾಂ ಹಿಕ್ಕೆ ಕಲಸಿ ಸೋಸಿ, ಗಾಜಿನ ಕೊಳವೆಯ ಬಾಯಿತನಕ ತುಂಬಿ, ಮೇಲೆ ಕವರ್‌ಸ್ಲಿಪ್ (ತೆಳು ಗಾಜಿನ ಬಿಲ್ಲೆ) ಇಟ್ಟು 15ರಿಂದ 20 ನಿಮಿಷ ಬಿಡುತ್ತೇನೆ. ಜಾಸ್ತಿ ಹೊತ್ತು ಬಿಟ್ಟರೆ ಉಪ್ಪಿಗೆ ಮೊಟ್ಟೆ ಕುಗ್ಗಿ ಆಕಾರ ಕೆಡುತ್ತದೆ. ಮೈಕ್ರೋಸ್ಕೋಪಿನಲ್ಲಿ ಕೊಕ್ಕೆಹುಳದ ಮೊಟ್ಟೆ ತೆಳು ಚಿಪ್ಪಿನದು, ಒಳಗೆ ವಿಭಜನೆಯಾದ ಜೀವಕೋಶಗಳ ಗುಂಪು ಕಾಣುತ್ತದೆ. ದುಂಡುಹುಳದ್ದು ದಪ್ಪ ಚಿಪ್ಪು. ಹೂವಿನ ಪರಾಗವೂ ಮೊಟ್ಟೆಯ ವೇಷ ಹಾಕಿರುತ್ತದೆ, ಗಾತ್ರ ಅಳೆಯದೆ ನಂಬಬೇಡಿ. ನಾಯಿಯ ಕೊಕ್ಕೆಹುಳದ ಮೊಟ್ಟೆಯೂ ನೋಡಲು ಹೀಗೇ ಇರುವುದರಿಂದ, ಯಾರ ಹಿಕ್ಕೆ ಎಂಬ ಅನುಮಾನ ಇರುವ ಮಾದರಿಯನ್ನು ಈ ಪರೀಕ್ಷೆಗೆ ಹಾಕುವುದೇ ಇಲ್ಲ. ಮೊಟ್ಟೆ ಸಿಕ್ಕಿತೆಂದರೆ ಹುಳ ಇದೆ ಎಂದಷ್ಟೇ. ಕರಡಿಗೆ ಕಾಯಿಲೆ ಎಂದು ಅದರಿಂದ ಹೇಳಲಾಗದು.

ಆಮೇಲೆ ನೋಡಲು ಕೆಡದಂತೆ ಇಡುವ ಮಾದರಿಗೆ ಶೇಕಡಾ 10ರ ಫಾರ್ಮಲಿನ್ ಸಾಕು. ಡಿಎನ್‌ಎ ಪರೀಕ್ಷೆಗೆ ಕಳಿಸುವುದಾದರೆ ಫಾರ್ಮಲಿನ್ ಬೇಡ, ಆಲ್ಕೋಹಾಲಿನಲ್ಲಿಡಿ.

ತೊಳೆದ ನೀರನ್ನು ಬಾವಿ, ಹಳ್ಳದಿಂದ ದೂರ, ನಾಯಿ ಕೆದಕದಷ್ಟು ಆಳದ ಗುಂಡಿಗೆ ಹಾಕಿ ಮುಚ್ಚುತ್ತೇನೆ. ದುಂಡುಹುಳದ ಮೊಟ್ಟೆ ಫಿನಾಯಿಲಿಗೆ ಸುಲಭಕ್ಕೆ ಬಗ್ಗುವುದಿಲ್ಲ, ಆದ್ದರಿಂದ ಜರಡಿ, ಬಟ್ಟಲುಗಳಿಗೆ ಕುದಿಯುವ ನೀರೇ ಆಗಬೇಕು. ಆ ಜರಡಿ ಮತ್ತೆ ಅಡುಗೆಮನೆಗೆ ಹೋಗಬಾರದು. ಅದರ ಮೇಲೆ ಕೆಂಪು ಬಣ್ಣದಲ್ಲಿ ಕರಡಿ ಎಂದು ಬರೆದು ಬೇರೆ ಕಡೆ ನೇತುಹಾಕಿ.