ಐರ್ಲೆಂಡಿನ ದಂಗೆಗಳು ಸೋತದ್ದೇಕೆ ಎಂಬುದನ್ನು ಅಭ್ಯಾಸ ಮಾಡುವ ಬಗೆ

ಇಂಗ್ಲಿಷ್ ಆಳ್ವಿಕೆಯ ವಿರುದ್ಧ ಐರಿಷ್ ಜನ ಮತ್ತೆ ಮತ್ತೆ ಎದ್ದು ನಿಂತರೂ ಏಕೆ ಸೋತರು ಎಂಬ ಪ್ರಶ್ನೆಗೆ ‘ಅವರಲ್ಲಿ ಒಗ್ಗಟ್ಟಿರಲಿಲ್ಲ’ ಎಂಬ ಸಿದ್ಧ ಉತ್ತರವೊಂದಿದೆ. ಅದು ಸುಳ್ಳಲ್ಲ, ಆದರೆ ಅದನ್ನು ಮೊದಲೇ ಒಪ್ಪಿಕೊಂಡು ಓದಲು ಕುಳಿತವರಿಗೆ ಯಾವ ದಂಗೆಯೂ ಸರಿಯಾಗಿ ತಿಳಿಯುವುದಿಲ್ಲ. ಕಾಳಗದ ದಿನವನ್ನು ಸದ್ಯಕ್ಕೆ ಬದಿಗಿಟ್ಟು, ಅದರ ಹಿಂದಿನ ವಾರಗಳನ್ನು ಮೊದಲು ಓದಿ. ಈ ದಂಗೆಗಳಲ್ಲಿ ಹಲವು ಮೊದಲ ಗುಂಡು ಹಾರುವ ಮುನ್ನವೇ ಅರ್ಧ ಸೋತಿದ್ದವು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಓದುವಾಗ ಭೂಪಟ ಎದುರಿಗಿರಲಿ. ಹದಿನಾರನೆಯ ಶತಮಾನದ ಕೊನೆಯಲ್ಲಿ ದಂಗೆಯೆದ್ದ ಐರಿಷ್ ನಾಯಕ ಹ್ಯೂ ಓನೀಲನ ಬಲವೆಲ್ಲ ಉತ್ತರದ ಅಲ್‌ಸ್ಟರ್‌ನಲ್ಲಿತ್ತು. 1598ರಲ್ಲಿ ಯೆಲ್ಲೋ ಫೋರ್ಡ್‌ನಲ್ಲಿ ಅವನು ಇಂಗ್ಲಿಷ್ ಪಡೆಯನ್ನು ಮುರಿದದ್ದು ತಾನು ಬಲ್ಲ ನೆಲದಲ್ಲಿ, ದಾರಿಗೆ ಅಡ್ಡಲಾಗಿ ಕಂದಕ ತೋಡಿ, ಕಾಡು ಮತ್ತು ಜೌಗುಗಳ ಮರೆಯಿಂದ ಹೊಡೆದು. ಮೂರು ವರ್ಷಗಳ ಬಳಿಕ ಅವನು ಕಾಯುತ್ತಿದ್ದ ಸ್ಪೇನಿನ ನೆರವು ಬಂದಿಳಿದದ್ದು ದಕ್ಷಿಣ ಕರಾವಳಿಯ ಕಿನ್‌ಸೇಲ್‌ನಲ್ಲಿ. ಎರಡು ಜಾಗಗಳ ಮೇಲೂ ಬೆರಳಿಟ್ಟು ನೋಡಿ: ಓನೀಲನು ಚಳಿಗಾಲದಲ್ಲಿ ದ್ವೀಪದ ಉದ್ದಕ್ಕೂ ನಡೆದು ಬರಬೇಕಾಯಿತು, ತನಗೆ ಒಗ್ಗದ ಬಯಲು ಕಾಳಗದಲ್ಲಿ ಇಂಗ್ಲಿಷ್ ಕುದುರೆಪಡೆಯನ್ನು ಎದುರಿಸಬೇಕಾಯಿತು, ಮತ್ತು ಪಟ್ಟಣದೊಳಗಿದ್ದ ಸ್ಪೇನಿನ ಸೈನಿಕರು ಹೊರಬಂದು ಕೂಡಿಕೊಳ್ಳುವ ಮೊದಲೇ ಅವನ ಸೈನ್ಯ ಚದುರಿಹೋಯಿತು.

ಸಮುದ್ರವನ್ನೂ ಇದೇ ಪಟದಲ್ಲಿ ಅಳೆಯಿರಿ. 1796ರ ಡಿಸೆಂಬರ್‌ನಲ್ಲಿ ಸುಮಾರು 15,000 ಫ್ರೆಂಚ್ ಸೈನಿಕರನ್ನು ಹೊತ್ತ ನೌಕಾದಳ ಬ್ಯಾಂಟ್ರಿ ಕೊಲ್ಲಿಯ ಕಡೆಗೆ ಹೊರಟಿತ್ತು. ಸೇನಾಪತಿ ಓಷ್ ಇದ್ದ ಹಡಗು ದಾರಿಯಲ್ಲೇ ತಪ್ಪಿಹೋಯಿತು. ಕೊಲ್ಲಿಯನ್ನು ತಲುಪಿದವರನ್ನು ಬಿರುಗಾಳಿ ದಡಕ್ಕೆ ಇಳಿಯಗೊಡಲಿಲ್ಲ. ಫ್ರೆಂಚರ ನೆರವು ಬೇಡಿದ್ದ ಐರಿಷ್ ಕ್ರಾಂತಿಕಾರಿ ವುಲ್ಫ್ ಟೋನ್ ಹಡಗಿನಲ್ಲಿದ್ದುಕೊಂಡೇ ತನ್ನ ನಾಡಿನ ಕರಾವಳಿಯನ್ನು ಕಂಡು ಹಿಂದಿರುಗಬೇಕಾಯಿತು. ಆಳುವವರಿಗೆ ಮಾತ್ರ ನೆರೆಯ ದ್ವೀಪದ ಬಂದರುಗಳಿಂದ ಆಚೆಗಿನ ದಡ ಕೂಗಳತೆಯಂತೆ ಇತ್ತು. 1916ರಲ್ಲಿ ಸೋಮವಾರ ಮಧ್ಯಾಹ್ನ ಡಬ್ಲಿನ್‌ನಲ್ಲಿ ದಂಗೆ ಆರಂಭವಾದರೆ, ಬುಧವಾರದ ಹೊತ್ತಿಗೆ ಇಂಗ್ಲೆಂಡಿನಿಂದ ಬಂದ ತುಕಡಿಗಳು ಹತ್ತಿರದ ಬಂದರಿನಲ್ಲಿ ಇಳಿದು ನಗರದತ್ತ ನಡೆಯುತ್ತಿದ್ದವು.

ಅನಂತರ ಸುದ್ದಿಯ ಜಾಡು ಹಿಡಿಯಿರಿ: ಯಾರಿಗೆ ಯಾವಾಗ ಏನು ತಿಳಿಯಿತು? ಇದಕ್ಕೆ 1798ಕ್ಕಿಂತ ಒಳ್ಳೆಯ ಪಾಠವಿಲ್ಲ. ಮಾರ್ಚ್ 12ರಂದು ಡಬ್ಲಿನ್‌ನ ಆಲಿವರ್ ಬಾಂಡ್ ಎಂಬ ವ್ಯಾಪಾರಿಯ ಮನೆಯಲ್ಲಿ ಸೇರಿದ್ದ ದಂಗೆಗೆ ಸಿದ್ಧತೆ ನಡೆಸುತ್ತಿದ್ದ ಯುನೈಟೆಡ್ ಐರಿಷ್‌ಮೆನ್ ಸಂಘದ ಲೆನ್‌ಸ್ಟರ್ ಪ್ರಾಂತದ ಮುಖಂಡರನ್ನು, ಒಳಗಿನವನೇ ಆದ ಥಾಮಸ್ ರೆನಾಲ್ಡ್ಸ್ ಕೊಟ್ಟ ಸುಳಿವಿನ ಮೇಲೆ ಹಿಡಿಯಲಾಯಿತು. ಮೇ 19ರಂದು ಸಂಘದ ಸೇನಾ ಮುಖಂಡ ಲಾರ್ಡ್ ಎಡ್ವರ್ಡ್ ಫಿಟ್ಸ್‌ಜೆರಾಲ್ಡ್ ಸಿಕ್ಕಿಬಿದ್ದನು. ದಂಗೆ ಏಳಬೇಕಾಗಿದ್ದದ್ದು ಮೇ 23ರ ರಾತ್ರಿ. ಡಬ್ಲಿನ್‌ನಿಂದ ಹೊರಡುವ ಅಂಚೆ ಗಾಡಿಗಳನ್ನು ದಾರಿಯಲ್ಲಿ ತಡೆಯಬೇಕು, ಗಾಡಿ ಬಾರದೆ ಹೋದರೆ ಅದನ್ನೇ ಸಂಕೇತವೆಂದು ತಿಳಿದು ಹಳ್ಳಿಗಳು ಏಳಬೇಕು ಎಂಬುದು ಏರ್ಪಾಡು. ರಾಜಧಾನಿ ಏಳಲೇ ಇಲ್ಲ; ಅಂಚೆ ನಿಂತದ್ದು ಕೆಲವು ದಾರಿಗಳಲ್ಲಿ ಮಾತ್ರ. ಆಮೇಲಿನ ದಿನಾಂಕಗಳನ್ನು ಒಂದು ಹಾಳೆಯಲ್ಲಿ ಸಾಲಾಗಿ ಬರೆದುಕೊಳ್ಳಿ: ಆಂಟ್ರಿಮ್ ಜೂನ್ 7, ವೆಕ್ಸ್‌ಫರ್ಡ್‌ನ ವಿನಿಗರ್ ಹಿಲ್ ಜೂನ್ 21, ಫ್ರೆಂಚರು ಕಿಲ್ಲಾಲಾದಲ್ಲಿ ಇಳಿದದ್ದು ಆಗಸ್ಟ್ 22. ಒಟ್ಟಿಗೆ ಹೊತ್ತಿಕೊಂಡಿದ್ದರೆ ನಂದಿಸಲಾಗದಿದ್ದ ಬೆಂಕಿಯನ್ನು ಸರಕಾರ ಒಂದೊಂದೇ ಮೂಲೆಯಲ್ಲಿ ನಂದಿಸುತ್ತ ಬಂದಿತು. ಈಟಿ ಹಿಡಿದ ರೈತರು ಫಿರಂಗಿಗಳ ಮೇಲೆ ನುಗ್ಗಿದ ಧೈರ್ಯವನ್ನು ಓದುವಾಗ ಇಂದಿಗೂ ಕರುಳು ಚುರ್ ಎನ್ನುತ್ತದೆ. ಆದರೆ ಸೋಲಿನ ಕಾರಣ ಆ ದಿನಾಂಕಗಳ ನಡುವಿನ ತೆರಪಿನಲ್ಲಿದೆ.

ಒಗ್ಗಟ್ಟಿನ ಪ್ರಶ್ನೆಗೆ ಈಗ ಬನ್ನಿ. ಎದುರು ಸಾಲಿನಲ್ಲಿ ನಿಂತವರು ಯಾರೆಂದು ಪ್ರತಿ ಬಾರಿಯೂ ಕೇಳಿ. 1798ರಲ್ಲಿ ದಂಗೆಯನ್ನು ಅಡಗಿಸಿದ ಮಿಲಿಷಿಯಾ ಎಂಬ ಸರಕಾರಿ ಸ್ಥಳೀಯ ಪಡೆಗಳ ಸಾಮಾನ್ಯ ಸಿಪಾಯಿಗಳಲ್ಲಿ ಬಹುಪಾಲು ಐರಿಷ್ ಕ್ಯಾಥೊಲಿಕರೇ ಆಗಿದ್ದರು. ಕ್ಯಾಥೊಲಿಕ್, ಪ್ರಾಟೆಸ್ಟೆಂಟ್ ಎಂಬ ಭೇದವಿಲ್ಲದೆ ಎಲ್ಲರನ್ನೂ ಐರಿಷರೆಂದು ಕೂಡಿಸಲು ಹೊರಟ ಆ ಚಳವಳಿಯ ಹೆಸರಿನಲ್ಲೇ, ವೆಕ್ಸ್‌ಫರ್ಡ್‌ನ ಸ್ಕುಲಬೋಗ್‌ನಲ್ಲಿ ಸೆರೆಯಾಳುಗಳನ್ನು, ಹೆಚ್ಚಾಗಿ ಪ್ರಾಟೆಸ್ಟೆಂಟರನ್ನು, ಕಣಜದಲ್ಲಿ ಕೂಡಿಹಾಕಿ ಸುಡಲಾಯಿತು. ಇದನ್ನು ಮರೆಮಾಚಿ ಬರೆದ ಕಥನವನ್ನು ನಂಬಬೇಡಿ.

1803ರ ಎಮೆಟ್‌ನ ಪ್ರಯತ್ನ, ಕ್ಷಾಮದ ನಡುವೆ ಹಸಿದ ಊರುಗಳಲ್ಲಿ ನಡೆದ 1848ರದು, 1867ರಲ್ಲಿ ಫೀನಿಯನ್ನರೆಂಬ ಗುಪ್ತಸಂಘದವರದು, ಇವು ಮೂರನ್ನೂ ಬೇಗ ಓದಿ ಮುಗಿಸಬಹುದು. 1916ರಲ್ಲಿ ಮಾತ್ರ ನಿಧಾನಿಸಿ. 20,000 ಬಂದೂಕುಗಳನ್ನು ತಂದ ಜರ್ಮನಿಯ ‘ಔಡ್’ ಹಡಗಿನಲ್ಲಿ ವೈರ್‌ಲೆಸ್ ಇರಲಿಲ್ಲ. ಸಾಮಾನು ಇಳಿಸುವ ದಿನ ಬದಲಾದದ್ದು ಅದಕ್ಕೆ ತಿಳಿಯಲಿಲ್ಲ. ಬಂದೂಕುಗಳು ಕಡಲಡಿ ಸೇರಿದವು. ಭಾನುವಾರದ ಪತ್ರಿಕೆಯಲ್ಲಿ ಐರಿಷ್ ಸ್ವಯಂಸೇವಕ ಪಡೆಯ ಮುಖ್ಯಸ್ಥ ಮ್ಯಾಕ್‌ನೀಲ್ ರದ್ದತಿಯ ಆದೇಶ ಹೊರಡಿಸಿದನು, ಮರುದಿನ ಉಳಿದವರು ಎದ್ದರು, ನಾಡಿನ ಬಹುಭಾಗ ಮನೆಯಲ್ಲೇ ಉಳಿಯಿತು. ಇದೇ ದಂಗೆಯಲ್ಲಿ ಲೆಕ್ಕವನ್ನು ಶರಣಾಗತಿಗೆ ನಿಲ್ಲಿಸಲಾಗದು ಎಂಬುದೂ ತಿಳಿಯುತ್ತದೆ: ಮೇ ತಿಂಗಳಲ್ಲಿ ದಂಗೆಯ ಮುಖಂಡರಿಗೆ ಕೊಟ್ಟ ಮರಣದಂಡನೆಗಳು ಜನಮನವನ್ನೇ ತಿರುಗಿಸಿದವು.

ಕೊನೆಗೆ ನಿಮ್ಮ ಕಾರಣಗಳನ್ನು ಪೂರ್ತಿ ಸೋಲದ ಹೋರಾಟವೊಂದರ ಪಕ್ಕದಲ್ಲಿಟ್ಟು ಪರೀಕ್ಷಿಸಿ. 1919ರಿಂದ 1921ರವರೆಗೆ ನಡೆದ ಯುದ್ಧ ನಾಡಿನ ವಿಭಜನೆಯೊಂದಿಗೆ ಮುಗಿದರೂ ಇಂಗ್ಲೆಂಡನ್ನು ಸಂಧಾನಕ್ಕೆ ಕೂರಿಸಿತು. ಇಲ್ಲಿ ಬಯಲು ಕಾಳಗವಿಲ್ಲ, ಹೊರನಾಡಿನ ನೌಕಾದಳಕ್ಕಾಗಿ ಕಾಯುವಿಕೆಯಿಲ್ಲ. 1919ರ ಏಪ್ರಿಲ್‌ನ ಒಂದು ರಾತ್ರಿ ಪತ್ತೇದಾರ ನೆಡ್ ಬ್ರಾಯ್ ಡಬ್ಲಿನ್‌ನ ಪೊಲೀಸ್ ಕಚೇರಿಯೊಳಕ್ಕೆ ಹೋರಾಟದ ಮುಖಂಡ ಮೈಕೆಲ್ ಕಾಲಿನ್ಸ್‌ನನ್ನು ಗುಟ್ಟಾಗಿ ಬಿಟ್ಟನು. ತನ್ನ ಸಂಗಾತಿಗಳ ಬಗ್ಗೆ ಸರಕಾರಕ್ಕೆ ಏನೇನು ಗೊತ್ತಿದೆಯೆಂದು ಕಾಲಿನ್ಸ್ ಬೆಳಗಿನವರೆಗೆ ಆ ಕಡತಗಳನ್ನು ಓದಿದನು. ಆಲಿವರ್ ಬಾಂಡ್‌ನ ಮನೆಯ ಪುಟವನ್ನು ಮತ್ತೆ ತೆರೆದು, ಇದರ ಜೊತೆಯಲ್ಲಿಟ್ಟು ಓದಿ.