ಮುಖ ಬಿಟ್ಟು ಕುಣಿದ ಸಂಜೆ

ನಲವತ್ತು ನಿಮಿಷದ ಆ ಪ್ರಯೋಗಕ್ಕೆ ನಾನು ಹಾಕಿಕೊಂಡ ನಿಯಮ ಒಂದೇ: ಮುಖದಲ್ಲಿ ಏನನ್ನೂ ತೋರಿಸಬಾರದು. ಚಿಕ್ಕಂದಿನಿಂದ ಭರತನಾಟ್ಯ ಕಲಿತವಳು ನಾನು. ಹುಬ್ಬು, ಕಣ್ಣು, ತುಟಿ ಎಲ್ಲ ಸುಮ್ಮನಿರಬೇಕು ಅಂದರೆ ದುಃಖವನ್ನು ಎಲ್ಲಿಂದ ತರುವುದು?

ದಾರಿ ನಾಟ್ಯಶಾಸ್ತ್ರದಲ್ಲೇ ಸಿಕ್ಕಿತು. ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ. ಒಳಗಿನ ಭಾವಕ್ಕೆ ಮೈ ತಾನಾಗಿ ತೋರುವ ಈ 8 ಸಾತ್ತ್ವಿಕ ಭಾವಗಳನ್ನು ರಂಗಪ್ರವೇಶಕ್ಕೆ ಮುಂಚೆ ಬಾಯಿಪಾಠ ಮಾಡಿದ್ದೆ, ಆಮೇಲೆ ಅತ್ತ ತಲೆಹಾಕಿರಲಿಲ್ಲ. ವೇಪಥು ಅಂದರೆ ನಡುಕ. ಬೇಕೆಂದು ನಡುಗಿದರೆ ಅದು ಸುಳ್ಳೆಂದು ಕೊನೇ ಸಾಲಿನವರಿಗೂ ತಿಳಿಯುತ್ತದೆ. ಅದಕ್ಕೇ ಆಳವಾದ ಅರಮಂಡಿಯಲ್ಲಿ, ಅಂದರೆ ಮಂಡಿಗಳನ್ನು ಹೊರಕ್ಕೆ ಬಾಗಿಸಿದ ಅರೆಕೂತ ಭಂಗಿಯಲ್ಲಿ, ನಾವು ಮೂವರೂ ಕದಲದೆ ನಿಂತೆವು. ಮೊದಲು ಮಂಡಿಯ ಮೇಲಿನ ಸ್ನಾಯು ಅದುರುತ್ತದೆ, ಆಮೇಲೆ ಇಡೀ ತೊಡೆ, ಅಲ್ಲಿಂದ ಸೊಂಟ. ಉಸಿರು ತುಂಡುತುಂಡಾಗುತ್ತದೆ. ನೋಡುವವರಿಗೆ ಅದು ಭಯ. ನಮಗೆ ಬರೀ ಕಾಲುನೋವು!

ಜೊತೆಗಿದ್ದವರು ಇಬ್ಬರು: ಒಬ್ಬ ಬೆಂಗಳೂರಿನ ಹಿಪ್‌ಹಾಪ್ ಹುಡುಗ, ಇನ್ನೊಬ್ಬರು ಬಡಗುತಿಟ್ಟು ಯಕ್ಷಗಾನದ ಸ್ತ್ರೀವೇಷಧಾರಿ. ಮೇಳದ ತಿರುಗಾಟವಿದ್ದಾಗ ಅವರು ಯಾರ ಕೈಗೂ ಸಿಗುವುದಿಲ್ಲ, ಹಾಗಾಗಿ ತಾಲೀಮೆಲ್ಲ ಮಳೆಗಾಲದಲ್ಲೇ. ಜರ್ಮನಿಯ ನೃತ್ಯ ಸಂಯೋಜಕಿ ಪೀನಾ ಬೌಷ್ ತಮ್ಮ ಕಲಾವಿದರಿಗೆ ಪ್ರಶ್ನೆ ಕೇಳಿ, ಬಂದ ಉತ್ತರದಿಂದ ನೃತ್ಯ ಕಟ್ಟುತ್ತಿದ್ದರಲ್ಲ, ನಾನೂ ಹಾಗೇ ಮಾಡಿದೆ. "ಯಾರೂ ನೋಡದಿದ್ದಾಗ ಹೇಗೆ ನಿಲ್ಲುತ್ತೀರಿ?" ಎಂದೆ. ಬನಿಯನ್, ಕಪ್ಪು ಪ್ಯಾಂಟಿನಲ್ಲಿದ್ದ ಸ್ತ್ರೀವೇಷದವರು ಸುಮ್ಮನೆ ನಿಂತರು. ಸ್ವಲ್ಪ ಹೊತ್ತಿಗೆ ಅವರ ಬಲಗೈ ತಾನಾಗಿ ಎಡಭುಜಕ್ಕೆ ಹೋಯಿತು. ಇಲ್ಲದ ಸೆರಗನ್ನು ಎರಡು ಬೆರಳಿನಲ್ಲಿ ಹಿಡಿದು ಮುಂದಕ್ಕೆಳೆದುಕೊಂಡರು. ಅವರಿಗೆ ಗೊತ್ತೇ ಆಗಲಿಲ್ಲ.

ನನಗೆ ಬೇಕಿದ್ದ ಸಾಮಗ್ರಿ ಅದೇ. ಆ ಕೈಯ ಚಲನೆಯನ್ನು ತೀರಾ ನಿಧಾನ ಮಾಡಿಸಿದೆ, ಆಮೇಲೆ ಹಿಪ್‌ಹಾಪ್ ಹುಡುಗನಿಗೆ ಕಲಿಸಿದೆ. ಅವನ ಮೈಮೇಲೆ ಅದು ಗಾಯ ಮುಚ್ಚಿಕೊಂಡಂತೆ ಕಂಡಿತು. ನಾನು ಮಾಡಿದಾಗ ಶುದ್ಧ ಅಡವು, ಭರತನಾಟ್ಯದ ಪಾಠದ ಹೆಜ್ಜೆ. ಎಷ್ಟು ತಿದ್ದಿದರೂ ನನ್ನ ಮಣಿಕಟ್ಟು ಮುದ್ರೆ ಹಿಡಿಯದೆ ಬಿಡಲಿಲ್ಲ, ಕೊನೆಗೆ ಅದನ್ನು ಹಾಗೇ ಇಟ್ಟುಕೊಂಡೆ. ಯಾರು ಎಲ್ಲಿಂದ ಬಂದವರು ಎಂದು ಹೇಳಲು ಬೇರೆ ಮಾತು ಬೇಕಾಗಲಿಲ್ಲ.

ಇದೆಲ್ಲ ಹೊಸತೇನಲ್ಲ ಬಿಡಿ. 1985ರಲ್ಲೇ ನೃತ್ಯ ಸಂಯೋಜಕಿ ಚಂದ್ರಲೇಖಾ 'ಅಂಗಿಕ' ಎಂಬ ಪ್ರಯೋಗದಲ್ಲಿ ಭರತನಾಟ್ಯ, ಕೇರಳದ ಸಮರಕಲೆ ಕಳರಿಪಯಟ್ಟು, ಯೋಗ ಮೂರನ್ನೂ ಒಟ್ಟಿಗೆ ತಂದು, ಪುರಾಣದ ಕಥೆಯಿಲ್ಲದೆ ಬರೀ ಮೈಯನ್ನೇ ವಿಷಯ ಮಾಡಬಹುದೆಂದು ತೋರಿಸಿದ್ದರು.

ಪ್ರದರ್ಶನಕ್ಕೆ ಸಣ್ಣ ಬ್ಲ್ಯಾಕ್ ಬಾಕ್ಸ್, ಅಂದರೆ ಕಪ್ಪು ಗೋಡೆಗಳ ಪುಟ್ಟ ರಂಗಮಂದಿರ, ಸಿಕ್ಕಿತು. ಎದುರಿನ ದೀಪಗಳನ್ನು ಆರಿಸಿ, ಮೊಣಕಾಲಿನ ಎತ್ತರಕ್ಕೆ ಪಕ್ಕದ ದೀಪಗಳನ್ನಷ್ಟೇ ಇಡಿಸಿದೆ. ಅಡ್ಡ ಬೆಳಕಿನಲ್ಲಿ ತೊಡೆಯ ಅದುರು ಎದ್ದು ಕಾಣುತ್ತದೆ, ಮುಖ ಅರ್ಧ ಕತ್ತಲಲ್ಲಿ ಉಳಿಯುತ್ತದೆ. ಗೆಜ್ಜೆ ಬಿಚ್ಚಿಟ್ಟಿದ್ದೆವು. ಸಂಗೀತವನ್ನೂ ನಡುವೆ ಪೂರ್ತಿ ನಿಲ್ಲಿಸಿ ಮೂವರ ಉಸಿರನ್ನಷ್ಟೇ ಬಿಟ್ಟೆವು. ವಿನೈಲ್ ಹಾಸಿನ ಮೇಲೆ ಬೆವರು ಬಿದ್ದರೆ ಕಾಲು ಜಾರುತ್ತದೆ, ಅದಕ್ಕೇ ರಂಗದ ಪಕ್ಕದ ಮರೆಯಲ್ಲಿ (ವಿಂಗ್) ಟವೆಲ್ ಇಟ್ಟಿದ್ದೆವು. ಒರೆಸುವುದನ್ನೂ ನೃತ್ಯದೊಳಗೇ ಸೇರಿಸಿದೆವು.

ಮುಗಿದ ಮೇಲೆ ಹಿರಿಯರೊಬ್ಬರು "ಕಥೆ ಯಾವುದಮ್ಮಾ?" ಎಂದರು. "ನಿಮಗೇನು ಕಂಡಿತು?" ಎಂದೆ. ಸೆರಗಿನ ಕೈ ನೋಡಿ ತಮ್ಮ ಅಕ್ಕನ ನೆನಪಾಯಿತಂತೆ. ಹೆಚ್ಚು ಕೇಳಲಿಲ್ಲ.

ಮುಂದಿನ ಪ್ರದರ್ಶನ ಕುಂದಾಪುರದ ಕಡೆ, ಶಾಲೆಯೊಂದರ ಸಭಾಂಗಣದಲ್ಲಿ. ಅಲ್ಲಿರುವುದು ಟ್ಯೂಬ್‌ಲೈಟ್ ಮಾತ್ರ, ಮುಖ ಮುಚ್ಚಿಡಲು ಕತ್ತಲೆ ಸಿಗುವುದಿಲ್ಲ. ಪ್ರೇಕ್ಷಕರಿಗೆ ಬೆನ್ನು ಹಾಕಿ ಮೊದಲ ಭಾಗ ಮಾಡಿದರೆ ಹೇಗೆ ಎಂದು ಈಗ ನೋಡುತ್ತಿದ್ದೇವೆ.